ಗಾಡಿ ನಸುಕಿಗೆ ಚಾಲೂ ಆಗಬೇಕಂದ್ರ ಸಂಜೀಗೇ ಕೆಲಸ ಮುಗಿಸ್ರಿ



ನಮ್ಮ ಕಡೆ ಕಬ್ಬಿನ ಹಂಗಾಮು ಮತ್ತು ಚಳಿ ಕೂಡಿಯೇ ಬರುತ್ತವೆ. ಡಿಸೆಂಬರ್ ತಿಂಗಳಲ್ಲಿ ನಸುಕಿನ ಐದು ಗಂಟೆಗೆ ಹಾರೂಗೇರಿ ಕ್ರಾಸ್‌ನಲ್ಲಿ ನಿಂತು ನೋಡ್ರಿ, ಕಬ್ಬು ಹೇರಿದ ಟ್ರ್ಯಾಕ್ಟರ್, ಲಾರಿ ಒಂದರ ಹಿಂದೊಂದು ಹೋಗುತ್ತಿರುತ್ತವೆ. ಅದೇ ಹೊತ್ತಿಗೆ ಯಾವುದೋ ಹೊಲದಲ್ಲಿ ಒಂದು ಹಳೇ ಡೀಸೆಲ್ ಗಾಡಿ ಚಾಲೂ ಆಗದೆ ನಿಂತಿರುತ್ತದೆ. ಸುತ್ತ ನಾಲ್ಕು ಹುಡುಗರು ಮೊಬೈಲ್ ಬ್ಯಾಟರಿ ಹಿಡಿದು ನಿಂತಿರುತ್ತಾರೆ. ಒಬ್ಬ ಕೋಲಿಗೆ ಅರಿವೆ ಸುತ್ತಿ ಬೆಂಕಿ ಹಚ್ಚುತ್ತಾನೆ, ಇನ್ನೊಬ್ಬ ರೀಲ್ಸ್‌ನಲ್ಲಿ ನೋಡಿದ ಹಾಗೆ ಏರ್ ಕ್ಲೀನರ್‌ಗೆ ಸ್ಪ್ರೇ ಹೊಡೆಯುತ್ತಾನೆ.

ನನ್ನ ಮಾತು ಇಷ್ಟೇ: ಈ ಚಟ ನಾವು ಬಿಡಬೇಕು. ನಮ್ಮ ಚಳಿಗೆ ಬೆಂಕಿಯೂ ಬೇಕಿಲ್ಲ, ಸ್ಪ್ರೇಯೂ ಬೇಕಿಲ್ಲ. ಇದನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ.

ನಮ್ಮ ಮನೆಯಲ್ಲಿ ಒಂದು ಶಕ್ತಿಮಾನ್ ಲಾರಿ ಇತ್ತು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದಲ್ಲಿ ತಯಾರಾಗಿ, ದಶಕಗಳ ಕಾಲ ನಮ್ಮ ಸೇನೆಯ ಸಾಮಾನು ಹೊತ್ತ ಗಾಡಿ ಇದು. ಮಿಲಿಟರಿಯಲ್ಲಿ ಡ್ರೈವರ್ ಆಗಿ ರಿಟೈರ್ ಆಗಿ ಬಂದ ನಮ್ಮ ಕಾಕಾ, ಹರಾಜಿನಲ್ಲಿ ಹೋದ ಗಾಡಿಯನ್ನು ಇನ್ನೊಬ್ಬರ ಕೈಯಿಂದ ತಗೊಂಡಿದ್ದರು. ನಾಲ್ಕೂ ಗಾಲಿಗೆ ಎಳೆತ ಇರುವುದರಿಂದ ಕೃಷ್ಣಾ ದಂಡೆಯ ಎರೀ ಹೊಲದಲ್ಲಿ ಬೇರೆ ಗಾಡಿ ಹುಗಿದರೂ ಇದು ಹೊರಗೆ ಬರುತ್ತಿತ್ತು. ಕಾಕಾನ ವಯಸ್ಸಾದ ಮೇಲೆ ಗಾಡಿಯ ವ್ಯವಹಾರ ನನ್ನ ಕೈಗೆ ಬಂತು.

ಆ ವರ್ಷ ಹಂಗಾಮಿನ ಮೊದಲಿಗೇ ಸೆಲ್ಫ್ ಬಿಗಿಯಾಗಿ ತಿರುಗುತ್ತಿತ್ತು. ಗಾಡಿ ಹೊಡೆಯುತ್ತಿದ್ದ ಕಾಕಾನ ಮಗ, ಅಂದರೆ ನನ್ನ ತಮ್ಮ, ಎರಡು ಸಲ ಹೇಳಿದ: "ಅಣ್ಣಾ, ಬ್ಯಾಟರಿ ಕಡೆ ಒಮ್ಮೆ ನೋಡಸೋಣು." ನಾನು ಅಂದೆ: "ಕಬ್ಬಿನ ಬಿಲ್ ಬರಲಿ ತಡಿಯಪಾ." ಮೂರನೇ ಸಲ ಅವನು ಹೇಳಲಿಲ್ಲ. ಒಂದು ನಸುಕಿಗೆ ಲೋಡ್ ತುಂಬಿದ ಗಾಡಿ ಹೊಲದಲ್ಲೇ ನಿಂತಿತು. ಪಾಳಿ ತಪ್ಪುತ್ತದೆ ಎಂದು ನಾನು ಫೋನಿನಲ್ಲಿ ಒದರಾಡಿದೆ. ಅವನು ಡೀಸೆಲ್‌ನಲ್ಲಿ ಅದ್ದಿದ ಅರಿವೆಗೆ ಬೆಂಕಿ ಹಚ್ಚಿ ಏರ್ ಕ್ಲೀನರ್ ಬಾಯಿಗೆ ಹಿಡಿದ. ಅಲ್ಲಿ ಜಿಡ್ಡು ಕೂತಿತ್ತು, ಒಮ್ಮೆಲೇ ಹೊತ್ತಿಕೊಂಡಿತು. ಅವನ ಬಲಗೈ ಮೊಣಕೈತನಕ ಸುಟ್ಟಿತು.

ಮಧ್ಯಾಹ್ನ ಮಿಸ್ತ್ರಿ ಬಂದು ನೋಡಿದರೆ, ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯ ಬುಡಕ್ಕೆ ಜಂಗು ಹಿಡಿದಿತ್ತು. ಸ್ಯಾಂಡ್‌ಪೇಪರ್ ಹಚ್ಚಿ ತಿಕ್ಕಿ, ಬೋಲ್ಟ್ ಬಿಗಿ ಮಾಡಿದರು. ಗಾಡಿ ಮೊದಲನೇ ಸೆಲ್ಫ್‌ಗೇ ಎದ್ದಿತು. ಕಾಕಾ ಆಸ್ಪತ್ರೆಯಿಂದ ಬಂದವರು ನನಗೆ ಬೈಯಲಿಲ್ಲ. "ಲೇಹ್‌ನ್ಯಾಗ ನಾವು ಗಾಡಿ ಚಾಲೂ ಮಾಡೇವಿ. ಇಲ್ಲೇನು ಚಳಿ ಐತಿ?" ಅಂದರು, ಅಷ್ಟೇ.

ಅವರ ಮಾತು ಪೂರಾ ಖರೆ. ಲಡಾಖ್‌ನ ಚಳಿಗೆ ಸಾದಾ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ. ಅದಕ್ಕೇ 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಅಲ್ಲಿಗಾಗಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಬೇರೆ ಡೀಸೆಲ್ ತಂದಿತು. ನಮ್ಮ ಕಡೆ ಬಲವಾದ ಚಳಿ ಅಂದರೂ ಹತ್ತು ಹನ್ನೆರಡು ಡಿಗ್ರಿ. ಅಷ್ಟಕ್ಕೆ ಒಳ್ಳೆಯ ಗಾಡಿ ಹಟ ಹಿಡಿಯುವುದಿಲ್ಲ. ಹಿಡಿದರೆ ಮೊದಲೇ ಏನೋ ಕೆಟ್ಟಿದೆ ಎಂದೇ ಅರ್ಥ. ಬೇಸಿಗೆಯಲ್ಲಿ ಮುಚ್ಚಿಹೋಗಿದ್ದ ದೋಷವನ್ನು ಚಳಿ ಎತ್ತಿ ತೋರಿಸುತ್ತದೆ.

ಯಾಕೆ ಅಂತೀರಾ? ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊಡೆಯುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರರಿಂದ ಇಪ್ಪತ್ತು ಪಟ್ಟು ಒತ್ತಿದಾಗ ಆ ಗಾಳಿಯೇ ಕಾದು, ಅದರೊಳಗೆ ಬಿದ್ದ ಡೀಸೆಲ್ ಹೊತ್ತುತ್ತದೆ. ಸೆಲ್ಫ್ ಮೆಲ್ಲಗೆ ತಿರುಗಿದರೆ ಒತ್ತಿದ ಗಾಳಿ ರಿಂಗ್ ಸಂದಿಯಿಂದ ಸೋರುತ್ತದೆ, ಕಾವು ತಣ್ಣನೆಯ ಕಬ್ಬಿಣಕ್ಕೆ ಹೋಗುತ್ತದೆ. ಚಳಿಗೆ ಬ್ಯಾಟರಿಯ ಶಕ್ತಿ ಕಡಿಮೆಯಾಗುತ್ತದೆ, ಎಂಜಿನ್ ಆಯಿಲ್ ದಪ್ಪಾಗುತ್ತದೆ. ಹಾಗಾಗಿ ಮುಖ್ಯ ಪ್ರಶ್ನೆ ಒಂದೇ: ಎಂಜಿನ್ ಜೋರಾಗಿ ತಿರುಗುತ್ತಿದೆಯೋ ಇಲ್ಲವೋ?

ಸ್ಪ್ರೇ ಹೊಡೆದರೆ ಗಾಡಿ ಏಳುತ್ತದೆ, ಸುಳ್ಳಲ್ಲ. ಆದರೆ ಈಥರ್ ಇರುವ ಸ್ಪ್ರೇ ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿಯುತ್ತದೆ. ಆ ಹೊಡೆತಕ್ಕೆ ರಿಂಗ್ ಮುರಿಯಬಹುದು, ರಾಡ್ ಬಾಗಬಹುದು. ರಿಂಗ್ ಹೋದರೆ ಗಾಳಿ ಇನ್ನಷ್ಟು ಸೋರುತ್ತದೆ, ನಾಳೆ ಮತ್ತೆ ಸ್ಪ್ರೇ ಬೇಕಾಗುತ್ತದೆ. ಹೀಟರ್ ಪ್ಲಗ್ ಇರುವ ಗಾಡಿಗಂತೂ ಕೈಯಲ್ಲಿ ಬಾಂಬ್ ಹಿಡಿದಂತೆ.

ಬೆಂಕಿ ಹಚ್ಚುವ ಮೊದಲು ಸೈಲೆನ್ಸರ್ ಕಡೆ ನೋಡ್ರಿ. ಸೆಲ್ಫ್ ಹೊಡೆದಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತುತ್ತಿಲ್ಲ. ಬ್ಯಾಟರಿ, ವಾಯರ್, ಸೆಲ್ಫ್, ಹೀಟರ್, ಕಂಪ್ರೆಷನ್ ಕಡೆ ಹೋಗ್ರಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಮುಟ್ಟುತ್ತಿಲ್ಲ. ಫಿಲ್ಟರ್ ಕಟ್ಟಿದೆ, ನೀರು ಸೇರಿದೆ ಅಥವಾ ಏರ್ ಹಿಡಿದಿದೆ. ಹ್ಯಾಂಡ್ ಪಂಪ್ ಹೊಡೆದು ಏರ್ ತೆಗೆದ ಮೇಲೆ ಪ್ರತಿ ದಿನ ಚಾಲೂ ಆಗುತ್ತದೆ ಅಂದರೆ, ರಾತ್ರಿ ಡೀಸೆಲ್ ಹಿಂದಕ್ಕೆ ಇಳಿಯುತ್ತಿದೆ. ಬಿರುಕು ಬಿಟ್ಟ ಪೈಪು ಅಥವಾ ಸವೆದ ವಾಷರ್ ಹುಡುಕ್ರಿ.

ಒಂದು ಸಾದಾ ಮಲ್ಟಿಮೀಟರ್ ಇಟ್ಟುಕೊಳ್ರಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸಬೇಕು, 12.2 ಅಂದರೆ ಅರ್ಧ ಖಾಲಿ. ನಮ್ಮ ಲಾರಿಯಂತೆ 24 ವೋಲ್ಟ್ ಗಾಡಿಯಲ್ಲಿ ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ, ಎರಡನ್ನೂ ಬೇರೆ ಬೇರೆ ನೋಡ್ರಿ. ಆಮೇಲೆ ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಮೈಗೆ ಹಚ್ಚಿ ಸೆಲ್ಫ್ ಹೊಡೆಸ್ರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ಪಟ್ಟಿ ಬಿಚ್ಚಿ ಸ್ವಚ್ಛ ಮಾಡ್ರಿ. ನನ್ನ ತಮ್ಮನ ಕೈ ಉಳಿಸಬಹುದಾಗಿದ್ದ ಪರೀಕ್ಷೆ ಇದು, ಎರಡು ನಿಮಿಷದ ಕೆಲಸ. ಟ್ರ್ಯಾಕ್ಟರ್‌ನ 12 ವೋಲ್ಟ್ ಬ್ಯಾಟರಿಯಿಂದ 24 ವೋಲ್ಟ್ ಗಾಡಿಗೆ ನೇರ ವಾಯರ್ ಕೊಡಬೇಡ್ರಿ, ಬ್ಯಾಟರಿ ಸಿಡಿಯುವ ಅಪಾಯ ಇದೆ.

ಸೇನೆಯಲ್ಲಿ ದಿನದ ಕೆಲಸ ಮುಗಿದ ಮೇಲೆ ಗಾಡಿ ತಪಾಸಣೆ ಮಾಡುವುದಕ್ಕೆ ಲಾಸ್ಟ್ ಪರೇಡ್ ಅನ್ನುತ್ತಾರೆ. ಅದನ್ನು ಮುಗಿಸದೆ ಡ್ರೈವರ್ ಊಟಕ್ಕೆ ಹೋಗುವ ಹಾಗಿರಲಿಲ್ಲ ಎಂದು ಕಾಕಾ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಈಗ ಸಂಜೆ ಹೀಗೆ ಮಾಡುತ್ತೇವೆ:

- ಟ್ಯಾಂಕ್ ತುಂಬಿಸಿಡುವುದು. ಖಾಲಿ ಟ್ಯಾಂಕ್‌ನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ನೀರಾಗಿ ಡೀಸೆಲ್‌ಗೆ ಇಳಿಯುತ್ತದೆ.
- ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಿಡುವುದು.
- ಬ್ಯಾಟರಿ ಟರ್ಮಿನಲ್ ಕೈಯಿಂದ ಅಲುಗಾಡಿಸಿ ನೋಡುವುದು. ವಾರಕ್ಕೊಮ್ಮೆ ಬಿಳಿ ಪುಡಿ ತೊಳೆದು ಗ್ರೀಸ್ ಹಚ್ಚುವುದು.
- ಆಯಿಲ್ ಮಟ್ಟ ನೋಡುವುದು. ಹೊಗೆ ಮುಚ್ಚಲು ದಪ್ಪ ಆಯಿಲ್ ಹಾಕದೆ, ಗಾಡಿಗೆ ಹೇಳಿದ್ದನ್ನೇ ಹಾಕುವುದು.

ಬೆಳಿಗ್ಗೆ ಕ್ಲಚ್ ಒತ್ತಿ ಸೆಲ್ಫ್ ಹೊಡೀರಿ, ಗೇರ್‌ಬಾಕ್ಸ್‌ನ ದಪ್ಪ ಎಣ್ಣೆಯ ಭಾರ ತಪ್ಪುತ್ತದೆ. ಹತ್ತು ಸೆಕೆಂಡ್ ಹೊಡೆದು ಒಂದು ನಿಮಿಷ ಬಿಡ್ರಿ. ಚಾಲೂ ಆದ ಕೂಡಲೇ ರೇಸ್ ಮಾಡಬೇಡ್ರಿ, ಆಯಿಲ್ ಮೇಲೆ ಏರಲಿ.

"ಹದಿನೆಂಟು ತಾಸು ದುಡಿದು ಬಂದಮ್ಯಾಲೆ ಇದನ್ನೆಲ್ಲಾ ಯಾರು ಮಾಡತಾರ?" ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯೇ. ಅದಕ್ಕೇ ಈ ಹದಿನೈದು ನಿಮಿಷವನ್ನು ಡ್ರೈವರ್‌ನ ತಲೆ ಮೇಲೆ ಹಾಕಬೇಡ್ರಿ, ಮಾಲಕರಾದ ನಾವೇ ಮಾಡೋಣ. ಕಡಿದ ಕಬ್ಬು ಒಂದು ದಿನದೊಳಗೆ ನುರಿಯಬೇಕು, ತಡವಾದಷ್ಟೂ ತೂಕ ಮತ್ತು ಸಕ್ಕರೆ ಅಂಶ ಕಡಿಮೆಯಾಗುತ್ತದೆ, ನಿಜ. ಆದರೂ ಒಂದು ಟ್ರಿಪ್ ತಪ್ಪಿದರೆ ಒಂದು ಟ್ರಿಪ್‌ನ ಲುಕ್ಸಾನ್ ಅಷ್ಟೇ.

ನನ್ನ ತಮ್ಮ ಆ ಹಂಗಾಮು ಪೂರ್ತಿ ಮನೆಯಲ್ಲಿ ಕೂತ. ಈಗಲೂ ಚಳಿ ಬಿದ್ದರೆ ಬಲಗೈಯ ಎರಡು ಬೆರಳು ಪೂರಾ ಮಡಚುವುದಿಲ್ಲ. ನಿಮ್ಮ ಡ್ರೈವರ್ "ಬ್ಯಾಟರಿ ನೋಡಸೋಣು" ಅಂದರೆ, ಬಿಲ್ ಬರುವತನಕ ಕಾಯಬೇಡ್ರಿ. ಅದೇ ಸಂಜೆ ನೋಡಸ್ರಿ.