ದೋಣಿ ದೊಡ್ಡದಿರಬೇಕೆ, ಚಿಕ್ಕದಿರಬೇಕೆ?

‘ದೇಶ ಸುತ್ತು, ಕೋಶ ಓದು’ ಎಂಬ ಹಿರಿಯರ ಮಾತನ್ನು ತರಗತಿಯಲ್ಲಿ ನಾವು ಎಷ್ಟೋ ಸಲ ಹೇಳಿದ್ದೇವೆ. ಕೋಶ ಓದಿಸುವ ಹೊಣೆ ಶಾಲೆಯದು. ದೇಶ ಸುತ್ತಿಸುವ ಹೊಣೆ ಬಹುಮಟ್ಟಿಗೆ ಮನೆಯದು. ಇತ್ತೀಚಿನ ವರ್ಷಗಳಲ್ಲಿ ನಮ್ಮೂರಿನ ಸಾಧಾರಣ ಸಂಸಾರಗಳೂ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುತ್ತಿರುವುದು ಸಂತೋಷದ ಸಂಗತಿ. ಅದರಲ್ಲಿಯೂ ದೋಣಿಯ ವಿಹಾರವೆಂದರೆ ಎಲ್ಲರಿಗೂ ಹಿಗ್ಗು.

ಈ ಸಲ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ಪಾಲಕರೊಬ್ಬರು ನಮ್ಮನ್ನು ಜಗಲಿಯಲ್ಲಿ ನಿಲ್ಲಿಸಿ ಕೇಳಿದರು: “ಮಾಷ್ಟ್ರೇ, ರಜೆಯಲ್ಲಿ ಮಕ್ಕಳನ್ನು ಹೌಸ್‌ಬೋಟಿಗೆ ಕರಕೊಂಡು ಹೋಗಬೇಕು ಅಂತ ಉಂಟು. ಒಬ್ಬ ಎಂಟನೆಯಲ್ಲಿ, ಒಬ್ಬಳು ಹತ್ತನೆಯಲ್ಲಿ. ದೊಡ್ಡ ಬೋಟು ಒಳ್ಳೆಯದೋ, ಸಣ್ಣದು ಒಳ್ಳೆಯದೋ?” ಅಂದು ಅವರಿಗೆ ನಿಂತಲ್ಲೇ ಎರಡು ಮಾತು ಹೇಳಿ ಕಳುಹಿಸಿದೆವು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದು ಅವರೊಬ್ಬರ ಪ್ರಶ್ನೆಯಲ್ಲವಷ್ಟೆ.

ಮೊದಲು ಮಕ್ಕಳ ವಯಸ್ಸನ್ನು ನೋಡೋಣ. ಎಳೆಯ ಮಗುವಿಗೆ ತಾಯಿಯ ಮಡಿಲು ಇದ್ದರೆ ಸಾಕು, ದೋಣಿ ಎಂತಹುದಾದರೂ ಆದೀತು. ದುಡಿದು ದಣಿದ ದೊಡ್ಡವರಿಗೆ ಸುಮ್ಮನೆ ಕುಳಿತು ಗಾಳಿ ಸೇವಿಸುವುದೇ ಸುಖ. ಹದಿಮೂರರಿಂದ ಹದಿನಾರರ ಹುಡುಗ ಹುಡುಗಿಯರು ಈ ಎರಡಕ್ಕೂ ಸೇರಿದವರಲ್ಲ. ಅವರಿಗೆ ಕೈಗೊಂದು ಕೆಲಸ ಬೇಕು, ಕೇಳಲು ಒಬ್ಬ ತಿಳಿದವನು ಬೇಕು, ತಮ್ಮ ಮಾತಿಗೂ ಬೆಲೆಯಿದೆ ಎಂಬ ಭಾವನೆ ಬೇಕು. ಎರಡಂತಸ್ತಿನ ದೊಡ್ಡ ದೋಣಿಯಲ್ಲಿ ತಂಪು ಕೋಣೆ, ಟಿ.ವಿ., ಗಟ್ಟಿಯಾದ ಹಾಡು ಎಲ್ಲವೂ ಇರುತ್ತವೆ. ಆದರೆ ನೀರು ಎಲ್ಲೋ ಕೆಳಗೆ ಉಳಿಯುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹುಡುಗ ಮೂಲೆ ಹಿಡಿದು ಮೊಬೈಲಿನಲ್ಲಿ ಮುಳುಗುತ್ತಾನೆ. ‘ಇಷ್ಟು ಹಣ ಕೊಟ್ಟು ಕರೆತಂದೆವು’ ಎಂದು ತಂದೆಗೆ ಸಿಟ್ಟು. ‘ನನ್ನನ್ನು ಕೇಳಿ ಕರೆತಂದಿರಾ?’ ಎಂದು ಮಗನಿಗೆ ಒಳಗೊಳಗೇ ಸಿಟ್ಟು.

ಚಿಕ್ಕ ದೋಣಿಯ ಹಿರಿಮೆಯನ್ನು ಲೋಕದ ಬೇರೆ ಕಡೆಗಳಲ್ಲಿಯೂ ಕಂಡುಕೊಂಡಿದ್ದಾರೆ. ದಕ್ಷಿಣ ಅಮೆರಿಕದ ಪಶ್ಚಿಮದ ಕಡಲಿನಲ್ಲಿ ಗಲಪಗೋಸ್ ಎಂಬ ದ್ವೀಪಗಳಿವೆ. ೧೮೩೫ರಲ್ಲಿ ಡಾರ್ವಿನ್ ಅಲ್ಲಿಗೆ ಹೋಗಿದ್ದನೆಂಬುದನ್ನು ವಿದ್ಯಾರ್ಥಿಗಳು ವಿಜ್ಞಾನದ ಪಾಠದಲ್ಲಿ ಕೇಳಿರಬಹುದು. ಅಲ್ಲಿ ದ್ವೀಪದಿಂದ ದ್ವೀಪಕ್ಕೆ ಯಾತ್ರಿಕರನ್ನು ಒಯ್ಯುವ ಹಡಗುಗಳಲ್ಲಿ ೧೦೦ ಜನರಿಗಿಂತ ಹೆಚ್ಚು ಪ್ರಯಾಣಿಕರಿರುವಂತಿಲ್ಲ. ಹದಿನಾರೇ ಜನರನ್ನು ಒಯ್ಯುವ ಹಡಗುಗಳೂ ಬಹಳ. ದಡಕ್ಕಿಳಿದಾಗ ಹದಿನಾರು ಮಂದಿಗೆ ಒಬ್ಬನಂತೆ ತರಬೇತಿ ಪಡೆದ ಮಾರ್ಗದರ್ಶಿ ಜೊತೆಯಲ್ಲಿರುತ್ತಾನೆ. ಪ್ರಾಣಿಪಕ್ಷಿಗಳಿಗೆ ತೊಂದರೆಯಾಗಬಾರದೆಂಬುದು ಅದರ ಮುಖ್ಯ ಉದ್ದೇಶ. ಆದರೆ ಹದಿನಾರು ಮಂದಿಯ ಗುಂಪಿನಲ್ಲಿ ಹುಡುಗನೊಬ್ಬ ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ ಸಿಗುತ್ತದೆ ಎಂಬುದನ್ನು ಶಿಕ್ಷಕರಾದ ನಾವು ಬಲ್ಲೆವು. ಅರುವತ್ತು ಮಂದಿಯ ತರಗತಿಯಲ್ಲಿ ಎಷ್ಟು ಪ್ರಶ್ನೆಗಳು ಗಂಟಲಲ್ಲೇ ಉಳಿಯುತ್ತವೆಂಬುದೂ ನಮಗೆ ಗೊತ್ತು.

ಗಲಪಗೋಸ್ ನಮ್ಮ ಕೈಗೆ ಎಟುಕುವುದಲ್ಲ. ನಮಗೆ ನೀಲೇಶ್ವರದಾಚೆ ಕವ್ವಾಯಿ ಹಿನ್ನೀರು ಇದೆ. ಆದರೆ ದೊಡ್ಡದು, ಚಿಕ್ಕದು ಎಂಬ ವಿಚಾರಕ್ಕಿಂತ ಮೊದಲು ನೋಡಬೇಕಾದ ಇನ್ನೊಂದು ವಿಚಾರವಿದೆ. ಅದನ್ನು ನಮಗೆ ಕಲಿಸಿದವಳು ನಮ್ಮ ಮಗಳು.

ಕೆಲವು ವರ್ಷಗಳ ಹಿಂದೆ ನಾವೂ ನಮ್ಮ ಬಂಧುಗಳ ಎರಡು ಕುಟುಂಬದವರೂ ಸೇರಿ ಒಂದು ದೊಡ್ಡ ದೋಣಿಗೆ ಮುಂಗಡ ಕೊಟ್ಟಿದ್ದೆವು. ಮಕ್ಕಳಿಗೆ ಹೇಳಿರಲಿಲ್ಲ, ಅಚ್ಚರಿಗೊಳಿಸಬೇಕೆಂಬುದು ನಮ್ಮ ಆಸೆ. ಕಡವಿಗೆ ತಲಪಿ ದೋಣಿ ಹತ್ತಿದೆವು. ನಮ್ಮ ಹಿಂದೆಯೇ ಇನ್ನೊಂದು ತಂಡ ಹತ್ತಿತು, ಅದರ ಹಿಂದೆ ಮತ್ತೊಂದು. ಆಗ ಒಂಬತ್ತನೆಯಲ್ಲಿ ಓದುತ್ತಿದ್ದ ನಮ್ಮ ಮಗಳು ಕೇಳಿದಳು: “ಅಪ್ಪಾ, ಇದರಲ್ಲಿ ಎಷ್ಟು ಜನ ಕೂರಬಹುದು ಅಂತ ಎಲ್ಲಿ ಬರೆದದ್ದುಂಟು?”

“ಸುಮ್ಮನಿರು ಮಗಳೇ, ಅವರಿಗೆ ಗೊತ್ತಿರ್ತದೆ” ಎಂದೆವು. ಬಂಧುಗಳ ಮುಂದೆ ನಮಗೆ ಸಂಕೋಚ.

ಅವಳು ಸುಮ್ಮನಾಗಲಿಲ್ಲ. ಎದ್ದು ಹೋಗಿ ಎಣಿಸಿ ಬಂದಳು. “ಜನ ಮೂವತ್ತೊಂದು, ಲೈಫ್ ಜಾಕೆಟ್ ಹನ್ನೆರಡು” ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ದೋಣಿಯವರನ್ನು ಕೇಳಿದೆವು. ‘ದಿನಾ ಹೋಗುವ ದಾರಿ, ಏನೂ ಆಗುವುದಿಲ್ಲ’ ಎಂಬ ಉತ್ತರ ಬಂತು. ನಾವು ನಾಲ್ವರು ಇಳಿದೆವು. ಕೊಟ್ಟ ಮುಂಗಡ ಹಿಂದೆ ಬರಲಿಲ್ಲ. ಬಂಧುಗಳು ಇಳಿಯಲಿಲ್ಲ. ಆ ದೋಣಿ ಸಂಜೆ ಸುಖವಾಗಿಯೇ ಹಿಂತಿರುಗಿತು. ‘ಮಾಷ್ಟ್ರು ಹೆದರಿ ಓಡಿದರು’ ಎಂದು ನಮ್ಮವರು ಬಹಳ ದಿನ ನಗೆಯಾಡಿದರು.

ನಗಲಿ. ಸುಖವಾಗಿ ಹಿಂತಿರುಗಿದ ದೋಣಿಗಳ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ. ಬರುವ ಸುದ್ದಿ ಬೇರೆ. ಮಲಯಾಳದ ಮಹಾಕವಿ ಕುಮಾರನ್ ಆಶಾನ್ ಅವರು ೧೯೨೪ರ ಜನವರಿಯಲ್ಲಿ ಪಲ್ಲನ ಎಂಬಲ್ಲಿ ತೀರಿಕೊಂಡದ್ದು ದೋಣಿ ಮಗುಚಿ. ೨೦೦೨ರ ಜುಲೈಯಲ್ಲಿ ಕುಮರಗಂ ಬಳಿ ೨೯ ಮಂದಿ, ೨೦೦೯ರ ಸಪ್ಟೆಂಬರಿನಲ್ಲಿ ತೇಕಡಿಯಲ್ಲಿ ೪೫ ಮಂದಿ ಪ್ರಾಣ ಕಳೆದುಕೊಂಡರು. ೨೦೦೭ರ ಫೆಬ್ರವರಿಯಲ್ಲಿ ತಟ್ಟೇಕಾಡಿನಲ್ಲಿ ಮುಳುಗಿದ್ದು ಶಾಲಾ ಪ್ರವಾಸದ ದೋಣಿ. ೧೫ ಮಕ್ಕಳೂ ೩ ಶಿಕ್ಷಕರೂ ಮನೆಗೆ ಮರಳಲಿಲ್ಲ. ೨೦೨೩ರ ಮೇ ೭ರಂದು ತಾನೂರಿನಲ್ಲಿ ೨೨ ಮಂದಿ ಸತ್ತರು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ್ದು, ಹೊತ್ತು ಮುಳುಗಿದ ಮೇಲೆ ಮಿತಿ ಮೀರಿ ಜನರನ್ನು ತುಂಬಿಕೊಂಡು ಹೋದದ್ದು. ಈ ದುರಂತಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಕಾರಣವೊಂದೇ: ಹಿಡಿಸಬೇಕಾದುದಕ್ಕಿಂತ ಹೆಚ್ಚು ಜನ. ಮಗಳು ಎಣಿಸಿದ್ದು ಅದನ್ನೇ. ಅವಳನ್ನು ಸುಮ್ಮನಿರಿಸಲು ಹೊರಟ ನಮ್ಮ ಮೇಲೆ ನಮಗೇ ನಾಚಿಕೆಯಾಯಿತು.

ಆದುದರಿಂದ ಪಾಲಕರಿಗೆ ನಮ್ಮ ಮೊದಲ ಸಲಹೆ ಇದು: ದೋಣಿಯನ್ನು ಮಕ್ಕಳಿಗಾಗಿ ಆರಿಸಬೇಡಿ, ಮಕ್ಕಳೊಡನೆ ಆರಿಸಿರಿ. ಎಷ್ಟು ಹಣ ಖರ್ಚು ಮಾಡಬಲ್ಲೆವೆಂಬುದನ್ನು ಅವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿರಿ. ಅಷ್ಟರೊಳಗೆ ಯಾವುದು ಆದೀತೆಂದು ಅವರೇ ವಿಚಾರಿಸಲಿ. ದೋಣಿಯವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆಯಲಿ.

ಯಾವ ಪ್ರಶ್ನೆಗಳು? ದೋಣಿಗೆ ನೋಂದಣಿ ಇದೆಯೆ, ತಪಾಸಣೆಯ ಪ್ರಮಾಣಪತ್ರ ಇದೆಯೆ? ಒಳನಾಡಿನ ನೀರಿನಲ್ಲಿ ಓಡುವ ಯಂತ್ರದ ದೋಣಿಗಳಿಗೆ ೨೦೨೧ರ ಕಾಯಿದೆಯ ಪ್ರಕಾರ ಇವೆರಡೂ ಬೇಕು, ನಡೆಸುವವರಿಗೆ ಅರ್ಹತಾಪತ್ರವೂ ಬೇಕು. ಎಷ್ಟು ಮಂದಿಗೆ ಅನುಮತಿ? ಪ್ರತಿಯೊಬ್ಬರಿಗೂ ಜಾಕೆಟ್ ಇದೆಯೆ, ಮಕ್ಕಳ ಮೈಗೆ ಹೊಂದುವ ಅಳತೆಯದು ಇದೆಯೆ? ಕತ್ತಲಾಗುವ ಮೊದಲು ದಡ ಸೇರುತ್ತದೆಯೆ? ರಾತ್ರಿ ತಂಗುವ ದೋಣಿಯಾದರೆ ಎಲ್ಲಿ ಕಟ್ಟುತ್ತಾರೆ, ಅಂಚಿಗೆ ಅಡ್ಡಕಂಬಿ ಇದೆಯೆ? ಕೊನೆಯದಾಗಿ, ದಾರಿಯಲ್ಲಿ ಮಕ್ಕಳು ಇಳಿದು ನೋಡುವಂತಹುದು ಏನಿದೆ? ಇವಕ್ಕೆ ಸಮಾಧಾನವಾಗಿ ಉತ್ತರ ಕೊಡುವವನ ದೋಣಿ ದೊಡ್ಡದಾಗಲಿ ಚಿಕ್ಕದಾಗಲಿ ಹತ್ತಬಹುದು. ಪ್ರಶ್ನೆ ಕೇಳಿದ್ದಕ್ಕೆ ಮುಖ ಗಂಟಿಕ್ಕುವವನ ದೋಣಿಯನ್ನು ಬಿಟ್ಟುಬಿಡಬೇಕು.

ಮರುವರ್ಷ ಜನವರಿಯಲ್ಲಿ ನಾವು ಹಾಗೆಯೇ ಮಾಡಿದೆವು. ಮಕ್ಕಳಿಬ್ಬರೂ ವಾರವಿಡೀ ವಿಚಾರಿಸಿ ಎಂಟು ಮಂದಿಯ ಚಿಕ್ಕ ದೋಣಿಯೊಂದನ್ನು ಗೊತ್ತುಮಾಡಿದರು. ಮಾತನಾಡುವ ಕೆಲಸವನ್ನು ಮಗನಿಗೆ ವಹಿಸಿದೆವು. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಅನೇಕ ಮಕ್ಕಳಂತೆ ಅವನಿಗೂ ಮಲಯಾಳ ಅರ್ಥವಾಗುತ್ತದೆ, ಆದರೆ ಆಡಲು ಅಳುಕು. ತಡವರಿಸಿಕೊಂಡು ಕೇಳಿದ, ದೋಣಿಯವರು ನಗದೆ ನಿಧಾನವಾಗಿ ಉತ್ತರ ಹೇಳಿದರು. ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನಾವು ಕಾಣೆವು. ತಾಯ್ನುಡಿಯಲ್ಲಿ ಗಟ್ಟಿಯಾಗಿ ಓದಿದವನಿಗೆ ನೆರೆಯ ನುಡಿಯಲ್ಲಿ ನಾಲ್ಕು ಮಾತು ಆಡಲು ಹೆದರಿಕೆ ಬೇಡ.

ಅಂದು ಮಕ್ಕಳು ಕಂಡದ್ದು ಒಂದೆರಡಲ್ಲ. ಕೊಡಗಿನ ಬೆಟ್ಟಗಳ ಕಡೆಯಿಂದ ಇಳಿದು ಬರುವ ತೇಜಸ್ವಿನಿ ಹೊಳೆ ಹಿನ್ನೀರನ್ನು ಸೇರುವ ಕಡೆ, ಕಡಲಿಗೂ ಹಿನ್ನೀರಿಗೂ ನಡುವೆ ನೀಳವಾಗಿ ಚಾಚಿದ ವಲಿಯಪರಂಬದ ನೆಲ, ದಡದ ಕಾಂಡ್ಲಾ ಗಿಡಗಳು, ದೂರದಲ್ಲಿ ಏಳಿಮಲೆ. ಒಂದೆಡೆ ನೀರಿನಲ್ಲಿ ಬಿದಿರಿನ ಚಪ್ಪರದಂತಹುದು ಕಾಣಿಸಿತು. ದೋಣಿಯವರು ಹತ್ತಿರ ಒಯ್ದು ಒಂದು ಹಗ್ಗವನ್ನು ಎತ್ತಿ ತೋರಿಸಿದರು. ಅದರ ತುಂಬ ಕಲ್ಲುಮ್ಮಕಾಯಿಯ ಚಿಪ್ಪುಗಳು! ಮರಿಗಳನ್ನು ಹಗ್ಗದ ಸುತ್ತ ಬಟ್ಟೆಯಲ್ಲಿ ಸುತ್ತಿ ಇಳಿಬಿಡುತ್ತಾರಂತೆ. ಬಟ್ಟೆ ಕರಗಿಹೋಗುವಷ್ಟರಲ್ಲಿ ಅವು ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮಳೆಗಾಲದ ಸಿಹಿನೀರು ಬರುವ ಮೊದಲೇ ಕೊಯ್ಲು ಮುಗಿಯಬೇಕು. ಹೌಸ್‌ಬೋಟುಗಳ ಮೂಲವಾದ ಕೆಟ್ಟುವಳ್ಳಂ ದೋಣಿಯ ವಿಷಯವನ್ನೂ ಅವರಿಂದಲೇ ಕೇಳಿದೆವು. ಹೆಬ್ಬಲಸಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಆ ದೋಣಿಗಳು ಹಿಂದೆ ಭತ್ತ, ಅಕ್ಕಿ ಸಾಗಿಸುತ್ತಿದ್ದವು. ಮಗ ಮಧ್ಯಾಹ್ನದವರೆಗೆ ಮೊಬೈಲನ್ನು ಕೈಗೆತ್ತಿಕೊಳ್ಳಲಿಲ್ಲ. ನಾವು ಬೇಡವೆಂದು ಹೇಳಿರಲೂ ಇಲ್ಲ.

ಚಿಕ್ಕ ದೋಣಿಗೂ ಕೊರತೆಗಳುಂಟು. ಅಜ್ಜ ಅಜ್ಜಿಯರು ಜೊತೆಗಿದ್ದರೆ ಹತ್ತಿ ಇಳಿಯಲು ಕಷ್ಟ, ಶೌಚದ ಅನುಕೂಲವಿಲ್ಲ, ಬಿಸಿಲು ಮಳೆಗೆ ಮರೆ ಕಡಿಮೆ. ಅಂತಹ ಕುಟುಂಬ ಎರಡು ಕೋಣೆಯ ಹೌಸ್‌ಬೋಟನ್ನು ತಾನೊಂದೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಹಣಕ್ಕೆ ತೊಂದರೆಯೆ? ರಾಜ್ಯ ಜಲಸಾರಿಗೆ ಇಲಾಖೆಯ ಪ್ರಯಾಣಿಕರ ದೋಣಿಗಳಿವೆ. ಯಂತ್ರಗಳಲ್ಲಿ ಆಸಕ್ತಿಯಿರುವ ಹುಡುಗನಿಗೆ ವೈಕಂ-ತವಣಕ್ಕಡವು ನಡುವೆ ೨೦೧೭ರ ಜನವರಿಯಲ್ಲಿ ಓಡಲಾರಂಭಿಸಿದ ‘ಆದಿತ್ಯ’ ದೋಣಿ ಹೌಸ್‌ಬೋಟಿಗಿಂತ ಹೆಚ್ಚು ರುಚಿಸೀತು. ೭೫ ಆಸನಗಳ ಆ ದೋಣಿ ಬಿಸಿಲಿನ ಶಕ್ತಿಯಿಂದ ನಡೆಯುತ್ತದೆ. ಕಡಲಯಾನವೇ ಬೇಕೆನ್ನುವವರು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುತ್ತಾರೆ. ಅದಕ್ಕೆ ಮೊದಲೇ ಅನುಮತಿ ಪಡೆಯಬೇಕು. ಅದು ದೊಡ್ಡ ಹಡಗಿನ ಪಯಣವೇ, ‘ಎಂ.ವಿ. ಕವರತ್ತಿ’ ೭೦೦ ಜನರನ್ನು ಒಯ್ಯಬಲ್ಲದು. ಆದರೂ ಚರಿತ್ರೆ ಓದುವ ಮಕ್ಕಳಿಗೆ ಅದು ಬೇಸರವಾಗದು. ೧೯೫೬ರ ನವೆಂಬರ್ ೧ರ ವರೆಗೆ ನಮ್ಮ ಕಾಸರಗೋಡು ತಾಲೂಕಿನಂತೆಯೇ ಅಲ್ಲಿಯ ಅಮೀನಿದೀವಿ ದ್ವೀಪಗಳೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದನ್ನು ಅವರಿಗೆ ತಿಳಿಸಿ ಕರೆದೊಯ್ಯಿರಿ.

ಇನ್ನು ವಿದ್ಯಾರ್ಥಿಗಳಿಗೆ ಎರಡು ಮಾತು. ಜಾಕೆಟ್ ತೊಟ್ಟರೆ ಭಾವಚಿತ್ರ ಚೆನ್ನಾಗಿ ಬರುವುದಿಲ್ಲವೆಂದು ಅದನ್ನು ಕಳಚಿಡುವವರನ್ನು ಕಂಡಿದ್ದೇವೆ. ನೀವು ಹಾಗೆ ಮಾಡಬೇಡಿ. ಏನಾದರೂ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ನುಗ್ಗಬೇಡಿ. ಈಜು ಬಾರದಿದ್ದರೆ ತಿಳಿದವರ ಕಣ್ಣೆದುರಿನಲ್ಲಿ ಕಲಿಯಿರಿ. ಲೆಕ್ಕ ತಪ್ಪಿದೆಯೆಂದು ಕಂಡಾಗ ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಿರಿ. ಹಿರಿಯರಿಗೆ ಎದುರು ಮಾತನಾಡಬಾರದೆಂದು ನಾವೇ ನಿಮಗೆ ಕಲಿಸಿದ್ದೇವೆ, ನಿಜ. ಆದರೆ ಎಣಿಸಿ ನೋಡಿ ಹೇಳುವುದು ಎದುರು ಮಾತಲ್ಲ.

ದೋಣಿ ದೊಡ್ಡದಿರಬೇಕೆ, ಚಿಕ್ಕದಿರಬೇಕೆ ಎಂದು ಕೇಳಿದ ಪಾಲಕರಿಗೆ ನಮ್ಮ ಉತ್ತರ ಇಷ್ಟು: ಮಕ್ಕಳು ದೊಡ್ಡವರಾಗುತ್ತಿದ್ದರೆ ಚಿಕ್ಕ ದೋಣಿಯೇ ಲೇಸು. ಅದನ್ನು ಅವರೇ ಆರಿಸಲಿ. ಹತ್ತಿದ ಮೇಲೆಯೂ, ಮಗು ಬೇಡವೆಂದು ಕಾರಣ ಕೊಟ್ಟರೆ, ಮುಂಗಡ ಹೋದರೂ ಸರಿ, ನಾಲ್ಕು ಜನ ನಕ್ಕರೂ ಸರಿ, ಇಳಿದು ಬರುವಷ್ಟು ಧೈರ್ಯ ನಮ್ಮಲ್ಲಿರಲಿ. ಬರುವ ರಜೆಯಲ್ಲಿ ಎಲ್ಲರ ಪಯಣವೂ ಸುಖಕರವಾಗಲಿ.