ಹಳೆಯ ಪುಸ್ತಕಕ್ಕೆ ಹೊಸ ನೆಪಗಳು

ಒಬ್ಬಿಬ್ಬರು ಕೂರುವ ಪುಟ್ಟ ಜಲಾಂತರ್ಗಾಮಿಯನ್ನು ಸ್ವಂತಕ್ಕೆ ಕಟ್ಟಹೊರಟವರು ಉಕ್ಕು ಕೊಳ್ಳುವ ಮುಂಚೆ ಮೂರು ಪುಸ್ತಕ ಓದಲಿ ಎಂದಿದ್ದೆ: ಫ್ರಾಂಕ್ ಬಸ್ಬಿಯ ‘ಮ್ಯಾನ್ಡ್ ಸಬ್‌ಮರ್ಸಿಬಲ್ಸ್’, ಅಮೆರಿಕನ್ ಬ್ಯೂರೋ ಆಫ್ ಶಿಪ್ಪಿಂಗ್‌ನ ನಿಯಮಾವಳಿ, ಜೆರ್ರಿ ಸ್ಟಾಚಿವ್ ಬರೆದ ಅಕ್ರಿಲಿಕ್ ಕೈಪಿಡಿ. ಇಷ್ಟಕ್ಕೇ ಕೆಲವು ಮಿತ್ರರು ಕೆಂಡವಾಗಿದ್ದಾರೆ. ಅವರ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ, ತೀರ್ಪು ಓದುಗರದು.

ಬಸ್ಬಿಯ ಪುಸ್ತಕ 1976ರದ್ದು, ಅದರ ಜಾಗ ಮ್ಯೂಸಿಯಂ ಎನ್ನುತ್ತಾರೆ. ಬ್ಯಾಟರಿ, ಎಲೆಕ್ಟ್ರಾನಿಕ್ಸ್ ಕುರಿತ ಪುಟಗಳು ಹಳಸಿವೆ, ಒಪ್ಪಿದೆ. ಆದರೆ ಆ ಪುಸ್ತಕ ತೆರೆಯುವುದು ಅದಕ್ಕಲ್ಲ. ಅವಘಡಗಳಿಗೇ ಮೀಸಲಾದ ಅಧ್ಯಾಯಕ್ಕೆ. 1973ರ ಜೂನ್‌ನಲ್ಲಿ ಫ್ಲಾರಿಡಾದ ಕೀ ವೆಸ್ಟ್ ಬಳಿ ‘ಜಾನ್ಸನ್ ಸೀ ಲಿಂಕ್’ ಎಂಬ ಪುಟ್ಟ ಜಲಾಂತರ್ಗಾಮಿ, ಮುಳುಗಿದ ಹಡಗಿನ ಅವಶೇಷಕ್ಕೆ ಸಿಕ್ಕಿಕೊಂಡಿತು. ಮುಂದಿನ ಅಕ್ರಿಲಿಕ್ ಗೋಳದಲ್ಲಿದ್ದ ಇಬ್ಬರು ಬದುಕಿದರು, ಹಿಂದಿನ ಅಲ್ಯೂಮಿನಿಯಂ ಕೋಣೆಯಲ್ಲಿದ್ದ ಇಬ್ಬರು ಸತ್ತರು. ಕವಚ ಒಡೆಯಲಿಲ್ಲ, ನೀರು ನುಗ್ಗಲಿಲ್ಲ. ಅಲ್ಯೂಮಿನಿಯಂ ಕಡಲಿನ ಚಳಿಯನ್ನು ಒಳಗೆ ಬಿಟ್ಟುಕೊಂಡಿತು. ಆ ಚಳಿಗೆ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರಬೇಕಾದ ರಾಸಾಯನಿಕ ಮಂಕಾಯಿತು. ಈ ಪಾಠ ಯಾವ ಇಸವಿಗೆ ಹಳತಾಯಿತೋ ದಯವಿಟ್ಟು ತಿಳಿಸಬೇಕು. ಅಂದಹಾಗೆ, 1976 ಎಂದರೆ ಮೂಗು ಮುರಿಯುವ ಇದೇ ಮಹನೀಯರು ಕವಚದ ದಪ್ಪ ಲೆಕ್ಕಹಾಕಲು ಹಿಡಿಯುವುದು ಫಾನ್ ಮೀಸೆಸ್ ಸೂತ್ರವನ್ನು. ಅದು 1929ರದ್ದು.

ಪುಸ್ತಕವೇ ಬೇಡ, ಕಂಪ್ಯೂಟರ್ ಎಲ್ಲ ಹೇಳುತ್ತದೆ ಎಂಬುದು ಎರಡನೆಯದು. ಹೇಳುತ್ತದೆ, ಕೇಳಿದ್ದಕ್ಕೆ ಮಾತ್ರ. ಪರದೆಯ ಮೇಲಿನ ಸಿಲಿಂಡರ್ ಅಪ್ಪಟ ದುಂಡು. ವರ್ಕ್‌ಶಾಪಿನಲ್ಲಿ ಪ್ಲೇಟ್ ಬಗ್ಗಿಸಿ ವೆಲ್ಡ್ ಮಾಡಿದ ಸಿಲಿಂಡರ್ ಹಾಗಿರುವುದಿಲ್ಲ. ಕಣ್ಣಿಗೆ ಕಾಣದ ಕೆಲವೇ ಮಿಲಿಮೀಟರ್ ಓರೆಯಿದ್ದರೂ ಅದು ಕುಸಿಯುವ ಒತ್ತಡ ಇಳಿದುಬಿಡುತ್ತದೆ. ಎಷ್ಟು ಓರೆ ಸೈರಿಸಬಹುದೆಂದು ನಿಯಮಾವಳಿ ಹೇಳುತ್ತದೆ. ಅದನ್ನು ಓದದವರಿಗೆ ಓರೆಯನ್ನು ಲೆಕ್ಕಕ್ಕೆ ಸೇರಿಸಬೇಕೆಂದೇ ಹೊಳೆಯುವುದಿಲ್ಲ.

ನಿಯಮಾವಳಿ ಎಂದೊಡನೆ ಮೂರನೆಯ ಕೂಗು: ಅದೆಲ್ಲ ಕಂಪನಿಗಳಿಗೆ, ಹೊಸ ಪ್ರಯೋಗದ ಕತ್ತು ಹಿಸುಕುತ್ತದೆ! ಪರಿಚಿತ ರಾಗ. 2019ರಲ್ಲಿ ಓಷನ್‌ಗೇಟ್ ಕಂಪನಿ ತನ್ನ ‘ಟೈಟನ್’ ಜಲಾಂತರ್ಗಾಮಿಗೆ ಯಾಕೆ ಮಾನ್ಯತೆ ಪಡೆದಿಲ್ಲ ಎಂದು ವಿವರಿಸುತ್ತ ಹೆಚ್ಚುಕಡಿಮೆ ಇದನ್ನೇ ಬರೆದಿತ್ತು. 2023ರ ಜೂನ್ 18ರಂದು ಅದರ ಕಾರ್ಬನ್ ಫೈಬರ್ ಕವಚ ಕುಸಿದು ಐವರು ಸತ್ತರು. “ಅದು 3,800 ಮೀಟರ್ ಆಳದ ಮಾತು, ನಮ್ಮದು 50 ಮೀಟರ್” ಎಂದು ಜಾರಿಕೊಳ್ಳುತ್ತಾರೆ. ಸರಿಯೇ, ಆಳ ಕಡಿಮೆಯಾದರೆ ನಿಯಮದ ಲೆಕ್ಕದಲ್ಲಿ ಪ್ಲೇಟಿನ ದಪ್ಪವೂ ಕಡಿಮೆ ಬರುತ್ತದೆ, ಮತ್ತೇಕೆ ಅಂಜಿಕೆ? ನಾನು ಸರ್ಟಿಫಿಕೇಟ್ ಮಾಡಿಸಿ ಎಂದಿಲ್ಲ, ಓದಿ ಎಂದೆ. ಅದು ಪುಕ್ಕಟೆ ಸಿಗುತ್ತದೆ, ಹಾಗಾಗಿ ದುಬಾರಿ ಎಂಬ ನೆಪವೂ ಇಲ್ಲ. ಇನ್ನು, ಇವರೇ ನಾಲ್ಕು ಜನರೆದುರು “ನಮ್ಮ ಕವಚ ನಿಯಮಕ್ಕಿಂತ ಗಟ್ಟಿ” ಎಂದು ಬೀಗುತ್ತಾರಲ್ಲ, ಯಾವ ನಿಯಮಕ್ಕಿಂತ?

ಪಂಡಿತರ ಬಣದ್ದು ಬೇರೆ ದೂರು: ಬರ್ಚರ್ ಮತ್ತು ರಿಡಿಲ್ ಅವರ ‘ಕಾನ್ಸೆಪ್ಟ್ಸ್ ಇನ್ ಸಬ್‌ಮರೀನ್ ಡಿಸೈನ್’ ಬಿಟ್ಟದ್ದು ಅಪಚಾರವಂತೆ. ಒಳ್ಳೆಯ ಗ್ರಂಥ, ತೂಕಕ್ಕೂ ತೇಲುವಿಕೆಗೂ ತಾಳೆ ಹಾಕುವುದನ್ನು ಅದರಿಂದ ಕಲಿಯಬಹುದು. ಆದರೆ ಅದು ನೌಕಾಪಡೆಯ ಜಲಾಂತರ್ಗಾಮಿಗಳ ವಿನ್ಯಾಸಕ್ಕೆ ಬರೆದದ್ದು. ಯುದ್ಧದ ಜಲಾಂತರ್ಗಾಮಿಗೆ ಕಿಟಕಿ ಇರುವುದಿಲ್ಲ. ನಮ್ಮ ಹವ್ಯಾಸಿ ನೀರಿಗಿಳಿಯುವುದೇ ಕಿಟಕಿಯಾಚೆಯ ಮೀನು ನೋಡಲು. 100 ಮೀಟರ್ ಆಳದಲ್ಲಿ 30 ಸೆಂಟಿಮೀಟರ್ ಅಗಲದ ಕಿಟಕಿಯ ಮೇಲೆ ಸುಮಾರು 7 ಟನ್ ಭಾರ. ಅಕ್ರಿಲಿಕ್ ಅಷ್ಟು ಹೊತ್ತೂ ನಿಂತೀತು. ಅದೇ ಅಕ್ರಿಲಿಕ್ಕನ್ನು ಯಾರೋ ಥಿನ್ನರ್‌ನಿಂದ ಒರೆಸಿದ್ದರೆ ಕೂದಲೆಳೆಯ ಬಿರುಕು ಬಿಡಬಹುದು. ಸ್ಟಾಚಿವ್ ಬಲ್ಲದ್ದು ಇಂಥದ್ದನ್ನು.

ಉಳಿದದ್ದು, ಜಾರ್ಜ್ ಕಿಟ್ರೆಜ್ ಅವರ ಕೆ-350 ಎಂಬ ಪುಟ್ಟ ಜಲಾಂತರ್ಗಾಮಿಯ ನಕ್ಷೆ ಇರುವಾಗ ಪುಸ್ತಕವೇಕೆ ಎಂಬ ಪ್ರಶ್ನೆ. 350 ಅಡಿಗೆಂದು ರೂಪಿಸಿದ ನಕ್ಷೆ, ಇದ್ದದ್ದು ಇದ್ದಂತೆ ಕಟ್ಟುವುದಾದರೆ ಜಗಳವೇ ಇಲ್ಲ. ಆದರೆ ಈ ಪ್ರಶ್ನೆ ಕೇಳಿದವರ ಮುಂದಿನ ಪ್ರಶ್ನೆ, “ಕಿಟಕಿಯನ್ನು ಎರಡಿಂಚು ದೊಡ್ಡದು ಮಾಡಬಹುದೇ?” ಉತ್ತರ ನಕ್ಷೆಯಲ್ಲಿಲ್ಲ, ನನ್ನ ಪಟ್ಟಿಯ ಮೂರನೆಯ ಪುಸ್ತಕದಲ್ಲಿ ಹುಡುಕಿ.