‘ನಾನು ಬರಲ್ಲ’ ಅನ್ನೋ ಹಕ್ಕು

ಇವನಿಗೇನಾಯ್ತು, ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಹಿಡ್ಕೊಂಡಿದ್ದಾನೆ ಅನ್ಬೇಡಿ :) ಆಟದ ನಿಯಮ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಇದು ಆಟಕ್ಕಿಂತ ಹೆಚ್ಚಾಗಿ ನೌಕರಿಯ ವಿಷಯ.

ಅಮೆರಿಕದ ಮೇಜರ್ ಲೀಗ್‌ನಲ್ಲಿ ಪ್ರತಿ ವರ್ಷ ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ಒಂದು ಗಡುವು ಇರುತ್ತೆ. ತಂಡಗಳು ಆಟಗಾರರನ್ನ ಅದಲು ಬದಲು ಮಾಡ್ಕೊಳ್ಳೋದಿದ್ರೆ ಅಷ್ಟರೊಳಗೆ ಮುಗಿಸಬೇಕು. ಕಪ್ ಗೆಲ್ಲೋ ಆಸೆ ಇರೋ ತಂಡ ಒಬ್ಬ ಪಳಗಿದ ಪಿಚರ್‌ನ ತಗೊಂಡು, ಸೋತು ಸುಣ್ಣವಾಗಿರೋ ತಂಡಕ್ಕೆ ಎರಡು ಮೂರು ಎಳೆ ಹುಡುಗರನ್ನ ಕೊಡುತ್ತೆ. ಅಭಿಮಾನಿಗಳಿಗೆ ಅವತ್ತು ಹಬ್ಬ. ಆಟಗಾರನಿಗೆ? ಒಂದು ಫೋನ್ ಬರುತ್ತೆ, ಎರಡು ಮೂರು ದಿನದಲ್ಲಿ ಇನ್ನೊಂದು ಊರಲ್ಲಿ ಹಾಜರಿರಬೇಕು. ನಮ್ಮ ಐಪಿಎಲ್‌ನಲ್ಲಾದ್ರೆ ಇಂಥ ವಿನಿಮಯಕ್ಕೆ ಆಟಗಾರನ ಒಪ್ಪಿಗೆ ಬೇಕು, ಇದ್ದರೂ ಅದು ಎರಡು ತಿಂಗಳ ಮಾತು. ಅಲ್ಲಿ 162 ಪಂದ್ಯ, ಆರು ತಿಂಗಳು. ಮನೆ, ಮಕ್ಕಳ ಸ್ಕೂಲು ಎಲ್ಲಾ ಆ ಊರಲ್ಲೇ ಬೇರು ಬಿಟ್ಟಿರುತ್ತೆ.

ಇದಕ್ಕೆ ‘ಬರಲ್ಲ’ ಅನ್ನೋ ಅವಕಾಶ ಕೆಲವರಿಗಷ್ಟೇ ಇದೆ. ಅದೇ ನೋ-ಟ್ರೇಡ್ ಷರತ್ತು. 2023ರ ಆಗಸ್ಟ್ 1ರಂದು ಡೆಟ್ರಾಯಿಟ್ ಟೈಗರ್ಸ್‌ನ ಪಿಚರ್ ಎಡ್ವಾರ್ಡೊ ರಾಡ್ರಿಗೆಜ್ ಇದನ್ನ ಬಳಸಿದ. ಒಪ್ಪದೆ ಕಳಿಸಬಾರದು ಅಂತ ಹತ್ತು ತಂಡಗಳ ಪಟ್ಟಿ ಅವನ ಕರಾರಿನಲ್ಲಿತ್ತು, ಲಾಸ್ ಏಂಜಲೀಸ್ ಡಾಡ್ಜರ್ಸ್ ಅದರಲ್ಲಿ ಒಂದು. ಕುಟುಂಬಕ್ಕೋಸ್ಕರ ಅಷ್ಟು ದೂರ ಹೋಗಲ್ಲ ಅಂದ. ಸೋಲೋ ತಂಡ ಬಿಟ್ಟು ಗೆಲ್ಲೋ ತಂಡಕ್ಕೆ ಹೋಗೋಕೆ ಏನು ಕಷ್ಟ, ಸ್ವಾರ್ಥಿ ಅಂತ ಬೈದವರು ಬಹಳ. ಇದೇ ಮನುಷ್ಯ ಹಿಂದಿನ ವರ್ಷ ಮನೆಯ ಕಾರಣಕ್ಕೆ ಸಂಬಳ ಬಿಟ್ಟು ತಿಂಗಳುಗಟ್ಟಲೆ ತಂಡದಿಂದ ದೂರ ಇದ್ದವನು. ಅದನ್ನ ಮರೆತೇಬಿಟ್ರು.

ನಾಲ್ಕೇ ತಿಂಗಳಲ್ಲಿ ಅವನು ಟೈಗರ್ಸ್ ಬಿಟ್ಟು ಅರಿಜೋನಾ ಸೇರಿದ. ನಾಲ್ಕು ವರ್ಷಕ್ಕೆ 8 ಕೋಟಿ ಡಾಲರ್. ‘ನೋಡಿ, ಈಗ ಪಶ್ಚಿಮ ದೂರ ಆಗ್ಲಿಲ್ವಾ?’ ಅಂತ ಮತ್ತೆ ಶುರು. ನನಗೆ ಇದರಲ್ಲಿ ವಿರೋಧಾಭಾಸ ಕಾಣಲ್ಲ. ಮನೆಯವರ ಜೊತೆ ಕೂತು ಮಾತಾಡಿ ಊರು ಬದಲಿಸೋದು ಬೇರೆ, ಸಂಜೆಯೊಳಗೆ ಹೇಳು ಅಂತ ಇನ್ನೊಬ್ಬರು ಸಾಗಿಸೋದು ಬೇರೆ. ಆನ್‌ಸೈಟ್ ಕೇಳಿಕೊಂಡು ಹೋದವರಿಗೂ, ಶುಕ್ರವಾರ ಟಿಕೆಟ್ ಕೈಗಿಟ್ಟು ಭಾನುವಾರ ವಿಮಾನ ಹತ್ತಿಸಲ್ಪಟ್ಟವರಿಗೂ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ನಮಗೆ ಕೊನೇಪಕ್ಷ ಪೇಪರ್ ಹಾಕೋ ದಾರಿ ಇದೆ. ಅಲ್ಲಿ ಮೇಜರ್ ಲೀಗ್‌ನಲ್ಲಿ ಆರು ವರ್ಷ ತುಂಬೋವರೆಗೆ ಆಟಗಾರ ತಾನಾಗಿ ಬೇರೆ ತಂಡ ಸೇರೋ ಹಾಗಿಲ್ಲ.

ಈ ಹಕ್ಕೇನು ಪುಕ್ಕಟೆ ಸಿಕ್ಕಿದ್ದಲ್ಲ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಹನ್ನೆರಡು ವರ್ಷ ಆಡಿದ ಕರ್ಟ್ ಫ್ಲಡ್‌ನನ್ನ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಡ್ತು. ಅವನು ಹೋಗಲಿಲ್ಲ. ಕೇಳದೆ ಕೊಳ್ಳೋಕೆ ಮಾರೋಕೆ ನಾನು ಆಸ್ತಿ ಅಲ್ಲ ಅನ್ನೋ ಅರ್ಥದಲ್ಲಿ ಕಮಿಷನರ್‌ಗೆ ಪತ್ರ ಬರೆದ, ಕೇಸ್ ಹಾಕಿದ. 1970ರ ಇಡೀ ಋತು ಆಡಲಿಲ್ಲ. 1971ರಲ್ಲಿ ವಾಷಿಂಗ್ಟನ್‌ಗೆ 13 ಪಂದ್ಯ ಆಡೋ ಹೊತ್ತಿಗೆ ಆಟ ಕೈಬಿಟ್ಟಿತ್ತು. 1972ರಲ್ಲಿ ಸುಪ್ರೀಂ ಕೋರ್ಟ್ 5-3ರಲ್ಲಿ ಅವನ ವಿರುದ್ಧ ತೀರ್ಪು ಕೊಡ್ತು. ಅವನಿಗೆ ಸಿಕ್ಕಿದ್ದು ಸೊನ್ನೆ. ಆದರೆ ಮರುವರ್ಷವೇ ಆಟಗಾರರ ಸಂಘ ಒಪ್ಪಂದದಲ್ಲಿ ಹೊಸ ನಿಯಮ ಸೇರಿಸಿತು: ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನನ್ನ ಒಪ್ಪಿಗೆಯಿಲ್ಲದೆ ಕಳಿಸೋ ಹಾಗಿಲ್ಲ. ಅದೇ ಡಿಸೆಂಬರ್‌ನಲ್ಲಿ ಶಿಕಾಗೋ ಕಬ್ಸ್‌ನ ರಾನ್ ಸ್ಯಾಂಟೊ ಕ್ಯಾಲಿಫೋರ್ನಿಯಾಕ್ಕೆ ಹೋಗಲ್ಲ ಅಂತ ಮೊದಲ ಬಾರಿ ಅದನ್ನ ಬಳಸಿದ.

ನನ್ನ ತಕರಾರು ಇರೋದೇ ಇಲ್ಲಿ. ಹತ್ತು ವರ್ಷ ಆಡೋರೇ ಕಡಿಮೆ. ಕರಾರಿನಲ್ಲಿ ಷರತ್ತು ಬರೆಸಿಕೊಳ್ಳೋಕೆ ರಾಡ್ರಿಗೆಜ್‌ನಷ್ಟು ಬೆಲೆ ಇರಬೇಕು. ಯಾರಿಗೆ ದುಡ್ಡಿದೆಯೋ, ಎಲ್ಲಿ ಹೋದರೂ ಮನೆ ಮಾಡೋ ತಾಕತ್ತಿದೆಯೋ, ಹಕ್ಕೂ ಅವರಿಗೇ.

ವಿಲ್ಮರ್ ಫ್ಲೋರೆಸ್ ನೆನಪಾಗ್ತಾನೆ. ವೆನೆಜುವೆಲಾದಿಂದ 16ನೇ ವಯಸ್ಸಿಗೇ ನ್ಯೂಯಾರ್ಕ್ ಮೆಟ್ಸ್ ಸೇರಿದ ಹುಡುಗ. 2015ರ ಜುಲೈ 29, ಪಂದ್ಯ ನಡೀತಿರೋವಾಗಲೇ ಅವನನ್ನ ಮಿಲ್ವಾಕಿಗೆ ಕೊಟ್ಟರಂತೆ ಅಂತ ಸುದ್ದಿ. ಪ್ರೇಕ್ಷಕರು ಫೋನ್‌ನಲ್ಲಿ ನೋಡಿ ಎದ್ದು ಚಪ್ಪಾಳೆ ಹೊಡೆದ್ರು. ಅವನು ಮೈದಾನದಲ್ಲೇ ಕಣ್ಣೊರೆಸಿಕೊಳ್ತಾ ಫೀಲ್ಡಿಂಗ್ ಮಾಡಿದ. ಆ ವ್ಯವಹಾರ ಮುರಿದುಬಿತ್ತು. ಎರಡೇ ದಿನದಲ್ಲಿ ಅದೇ ಮೈದಾನದಲ್ಲಿ 12ನೇ ಇನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಗೆಲ್ಲಿಸಿದ. ಎಲ್ಲರೂ ಈ ಕೊನೆಯನ್ನೇ ಸಿನಿಮಾ ಥರ ಹೇಳ್ತಾರೆ. ಉಳಿದಿದ್ದು ಮಾತ್ರ ಅವನ ಮಾತಿಂದಲ್ಲ, ತಂಡಗಳಿಗೆ ಚೌಕಾಸಿ ಕುದುರಲಿಲ್ಲ ಅಷ್ಟೇ. 2018ರಲ್ಲಿ ಮೆಟ್ಸ್ ಅವನನ್ನ ಕೈಬಿಟ್ಟಿತು, ಅದನ್ನ ಯಾರೂ ಹೇಳಲ್ಲ.

ಎಲ್ಲರೂ ‘ಬರಲ್ಲ’ ಅಂದರೆ ಬಡ ತಂಡ ಉದ್ಧಾರ ಆಗೋದು ಹೇಗೆ ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ಅದಕ್ಕೇ ನಾನು ಪೂರ್ತಿ ತಡೆ ಕೇಳ್ತಿಲ್ಲ. ಐದು ವರ್ಷ ಆಡಿದ ಪ್ರತಿಯೊಬ್ಬನಿಗೂ ಒಂದೇ ಒಂದು ಸಲ ನಿರಾಕರಿಸೋ ಅವಕಾಶ ಇರಲಿ. ಬಳಸಿದರೆ ಮುಗೀತು. ಮಾಲೀಕರೂ ಆಟಗಾರರ ಸಂಘವೂ 2022ರಲ್ಲಿ ಮಾಡಿಕೊಂಡ ಒಪ್ಪಂದ 2026ರ ಡಿಸೆಂಬರ್ 1ರವರೆಗಿನದು. ಹೊಸದು ಬರೆಯೋವಾಗ ಎಲ್ಲರ ಬಾಯಲ್ಲೂ ಸಂಬಳದ ಮಿತಿಯದ್ದೇ ಮಾತು. ಇದು ಅವರ ಪಟ್ಟಿಯ ಕೊನೆಯಲ್ಲಾದರೂ ಇರುತ್ತೋ ಇಲ್ವೋ.. ನನಗಂತೂ ಅನುಮಾನ. ನೀವೇನಂತೀರಿ?